ಕಟ್ಟೆಯ ಕೆಳಗೆ ನಿಂತು ಬರೆದದ್ದು

ಅತನೂರಿನಲ್ಲಿ ಅನುರಾಧಾ ಯಾರು ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಗುಲಾಬಿ ಸೀರೆಯ ಆಶಾ ಅಕ್ಕ ಎನ್ನಿ, ಕೈ ಹಿಡಿದು ಮನೆತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ಹನ್ನೊಂದು ವರ್ಷದಿಂದ ಆ ಊರಿನ ಬಸುರಿಯರ ದಿನ ಎಣಿಸಿದವಳು, ಕೂಸುಗಳಿಗೆ ಸೂಜಿ ಹಾಕಿಸಿದವಳು, ಕ್ಷಯದವರ ಕೈಗೆ ಗುಳಿಗೆ ಕೊಟ್ಟು ಅವರು ನುಂಗುವತನಕ ಮುಂದೆ ನಿಂತವಳು ಅವಳೇ. ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಅನ್ನುತ್ತಾರಲ್ಲ, ಆ ಮಾತು ಮುಲ್ಲಾನಿಗಿಂತ ಇವಳಿಗೇ ಚೆನ್ನಾಗಿ ಒಪ್ಪುತ್ತಿತ್ತು. ಇವಳೂ ಸೊರಗಿದಳು, ಖರೆ. ಆದರೆ ಚಿಂತೆ ಮಾಡಬೇಕಾದ ಒಂದು ಜಾಗದಲ್ಲಿ ಮಾಡದೆ ಬಂದದ್ದಕ್ಕೆ ಸೊರಗಿದಳು. ಕೇಳಿದರೆ ನಿಮಗೆ ಸಿಟ್ಟು ಬರಬಹುದು. ಬರಲಿ, ಹೇಳುವಾಗ ನನಗೂ ಬರುತ್ತದೆ.

ವರ್ಷಕ್ಕೊಮ್ಮೆ ಮನೆಮನೆ ತಿರುಗಿ, ಮೂವತ್ತು ದಾಟಿದ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಫಾರ್ಮು ತುಂಬುವುದು ಆಶಾ ಕಾರ್ಯಕರ್ತೆಯಾಗಿ ಅವಳ ಕೆಲಸಗಳಲ್ಲೊಂದು. ತಂಬಾಕು ತಿನ್ನುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ, ಬಾಯಲ್ಲಿ ಹುಣ್ಣಾಗಿದೆಯಾ. ಇಂಥವೆಲ್ಲ ಮುಗಿದ ಮೇಲೆ ಕೊನೆಯ ಹಾಳೆಯಲ್ಲಿ ಎರಡೇ ಪ್ರಶ್ನೆ ಉಳಿಯುತ್ತವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಮನಸ್ಸಿಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆ, ಇನ್ನು ಮುಂದೆ ಏನೂ ಇಲ್ಲ ಅನ್ನಿಸಿದೆಯಾ? ಒಂದು ದಿನವೂ ಇಲ್ಲವಾದರೆ ಸೊನ್ನೆ, ಕೆಲವು ದಿನವಾದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನವಾದರೆ ಎರಡು, ದಿನಾಲೂ ಆದರೆ ಮೂರು. ಎರಡೂ ಕೂಡಿ ಮೂರು ದಾಟಿದರೆ ದವಾಖಾನೆಗೆ ಕಳಿಸಬೇಕು. ಈ ಎರಡನ್ನು ಮಾತ್ರ ಅವರವರನ್ನೇ, ಹತ್ತಿರ ಯಾರೂ ಇಲ್ಲದಾಗ ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅನುರಾಧಾ ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದಳು.

ಊರಲ್ಲಿ ನಡೆಯುತ್ತಿದ್ದದ್ದೇ ಬೇರೆ. ತನ್ನ ಓಣಿಯಲ್ಲಾದರೆ ಅವಳು ಒಳಗೆ ಹೋಗಿ ಚಾಪೆಯ ಮೇಲೆ ಕೂಡುತ್ತಿದ್ದಳು, ಚಹ ಕುಡಿಯುತ್ತಿದ್ದಳು, ಬೈದು ಬೈಸಿಕೊಂಡು ಬರುತ್ತಿದ್ದಳು. ಮೇಲಿನ ಓಣಿಗೆ ಹೋದರೆ ಕಟ್ಟೆಯವರೆಗೆ ಮಾತ್ರ. ಅವಳ ಮನೆಯ ಗೋಡೆಯ ಮೇಲೆ ಬುದ್ಧನೂ ನೀಲಿ ಕೋಟಿನ ಬಾಬಾಸಾಹೇಬರೂ ಇದ್ದಾರೆಂಬುದು ಊರಿಗೆಲ್ಲ ಗೊತ್ತು. ಯಾರೂ ಒಳಗೆ ಬರಬೇಡ ಎಂದು ಬಾಯಿ ಬಿಟ್ಟು ಹೇಳಿದ್ದಿಲ್ಲ. ಅವಳೂ ಬರುತ್ತೇನೆ ಎಂದು ಕೇಳಿದ್ದಿಲ್ಲ. ಕಟ್ಟೆಯ ಕೆಳಗೆ ನಿಂತು, ರೈಟಿಂಗ್ ಪ್ಯಾಡನ್ನು ಕಟ್ಟೆಯ ಅಂಚಿಗೆ ಆನಿಸಿ, ಮನೆಯ ಹಿರಿಯಳು ಹೇಳಿದ್ದನ್ನು ಬರೆದುಕೊಳ್ಳುವುದು ರೂಢಿಯಾಗಿತ್ತು. ಅತ್ತೆ ಒಬ್ಬಳೇ ಮನೆಮಂದಿಯ ಬಿ.ಪಿ., ಸಕ್ಕರೆ, ಸೊಂಟದ ಸುತ್ತಳತೆ, ಮನಸ್ಸು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಗಾದೆ ಆ ಫಾರ್ಮಿನಲ್ಲಿ ಸುಳ್ಳಾಗಿತ್ತು. ಅಲ್ಲಿ ಎಲ್ಲ ಕಾಲವೂ ಅತ್ತೆಯದೇ.

ಹಾಗೆ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ ಮನೆಗಳಲ್ಲಿ ಸುಮಿತ್ರಾಬಾಯಿಯದು ದೊಡ್ಡದು. ಬಾಗಿಲ ಮೇಲೆ ಬಸವಣ್ಣನ ಫೋಟೊ, ಅದರ ಕೆಳಗೆ ದಿನಾ ಬದಲಾಗುವ ಹೂವು. ಎಲ್ಲರೂ ಒಂದೇ ಎಂದು ಮಾತಿಗೊಮ್ಮೆ ಹೇಳುವ ಬಾಯಿ ಸುಮಿತ್ರಾಬಾಯಿಯದು. ಅದೇ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಕಟ್ಟು ಕಾಗದದ ಕಪ್ಪುಗಳಿರುತ್ತಿದ್ದವು, ಅನುರಾಧಾಳಂಥವರಿಗೆ ಚಹ ಕೊಡಲಿಕ್ಕೆ. ಕುಡಿದು ಎಸೆದುಬಿಟ್ಟರೆ ಯಾರ ಮನಸ್ಸಿಗೂ ನೋವಿಲ್ಲ ನೋಡಿ, ಈ ಕಾಲದಲ್ಲಿ ಸಭ್ಯತೆ ಅಷ್ಟು ಅಗ್ಗವಾಗಿದೆ.

ಆ ಮನೆಯ ಸೊಸೆ ಜಯಮಾಲಾ. ಮೂವತ್ತೆರಡು ವರ್ಷ. ಗಂಡ ಕಲ್ಲಿನಾಥನಿಗೆ ಅಫಜಲಪುರದಲ್ಲಿ ಗೊಬ್ಬರ, ಬೀಜದ ಅಂಗಡಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾಗಿದ್ದಳು. ಗಣಪತಿ ಹಬ್ಬದ ಹೊತ್ತಿಗೆ, ಎಂಟು ತಿಂಗಳು ತುಂಬಿದ ಮೇಲೆ, ಹೊಟ್ಟೆಯಲ್ಲೇ ಕೂಸು ಹೋಯಿತು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವಳು ಅನುರಾಧಾ. ಇಪ್ಪತ್ತು ಕಿಲೋಮೀಟರಿನ ಕೆಟ್ಟ ದಾರಿಯುದ್ದಕ್ಕೂ ಜಯಮಾಲಾ ಅವಳ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಗಾಡಿಯೊಳಗೆ ಕಟ್ಟೆ ಇರಲಿಲ್ಲ. ಇಳಿದ ಮೇಲೆ ಮತ್ತೆ ಇತ್ತು.

ದೀಪಾವಳಿ ಮುಗಿದ ವಾರ ಫಾರ್ಮಿನ ಕೆಲಸ ಶುರುವಾಯಿತು. ಅನುರಾಧಾ ಸುಮಿತ್ರಾಬಾಯಿಯ ಮನೆಗೆ ಹೋದಾಗ ಬೆಳಗಿನ ಹತ್ತೂವರೆ. ಕೆಲಸ ಶುರುವಾದಂದಿನಿಂದ ಅದು ಮೂವತ್ತೆಂಟನೆಯ ಮನೆ, ಸಂಜೆಯೊಳಗೆ ಇನ್ನೂ ಹದಿನೈದು ಮುಗಿಸಬೇಕಿತ್ತು.

"ಬರಕೋ ಬೇ ಆಶಾ," ಎಂದರು ಸುಮಿತ್ರಾಬಾಯಿ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು. "ನನ್ನ ಬಿ.ಪಿ. ಗುಳಿಗಿ ಚಾಲೂ ಅದ. ಕಲ್ಲಿನಾಥಗ ಏನೂ ಇಲ್ಲ, ಗುಂಡಕಲ್ಲು ಇದ್ದಂಗ ಅದಾನ. ಸೊಸೀಗೂ ಎಲ್ಲಾ ಚಲೋ ಅದ."

"ಅವ್ವಾರ, ಸೊಸಿಯೋರಿಗಿ ಎರಡು ಮಾತು ನಾನೇ ಕೇಳಬೇಕಾಗ್ಯಾದ್ರಿ."

"ಅಕಿಗೇನ್ ಕೇಳ್ತಿ? ಉಣ್ಣಾಕ ಕಡಿಮಿ ಅದನ, ಉಡಾಕ ಕಡಿಮಿ ಅದನ? ಹೋಗೂದು ಹೋಯ್ತು. ಮತ್ತ ಅದನ್ನೇ ಕೆದಕಬ್ಯಾಡ." ಆಮೇಲೆ ಒಳಗೆ ತಿರುಗಿ, "ಆಶಾ ಬಂದಾಳ, ಚಾ ತಾ ಬೇ," ಎಂದು ಕೂಗಿದರು.

ಜಯಮಾಲಾ ಹೊರಗೆ ಬಂದಳು. ತಲೆ ಬಾಚಿರಲಿಲ್ಲ. ಕಾಗದದ ಕಪ್ಪನ್ನು ಎರಡೂ ಕೈಯಲ್ಲಿ, ತುಂಬಿದ್ದು ತುಳುಕೀತು ಎಂಬಂತೆ ಹಿಡಿದು ತಂದು, ಅನುರಾಧಾಳ ಪ್ಯಾಡಿನ ಪಕ್ಕದಲ್ಲಿ ಇಟ್ಟಳು. ಇಟ್ಟು ಹೋಗಿ ಬಾಗಿಲಲ್ಲಿ ನಿಂತಳು. ಅನುರಾಧಾ ಕಪ್ಪು ಎತ್ತಿಕೊಂಡಳು. ಕಪ್ಪು ಖಾಲಿ ಇತ್ತು.

"ಥೂ, ತಲಿ ಎಲ್ಲಿಟ್ಟೀದಿ ಬೇ? ಖಾಲಿ ಕಪ್ ತಂದಿಟ್ಟಾಳ ನೋಡು," ಎಂದು ಸುಮಿತ್ರಾಬಾಯಿ ನಕ್ಕರು.

ಅನುರಾಧಾಳೂ ನಕ್ಕಳು. ಇದನ್ನು ಮುಚ್ಚಿಡಬಾರದು. ಹನ್ನೊಂದು ವರ್ಷ ಬಸುರಿ ಬಾಣಂತಿಯರ ಮುಖ ನೋಡಿದವಳು, ಆ ಖಾಲಿ ಕಪ್ಪನ್ನು ಕೈಯಲ್ಲಿ ಹಿಡಿದು ಅತ್ತೆಯ ನಗುವಿಗೆ ತನ್ನ ನಗು ಸೇರಿಸಿದಳು. ಬಾಗಿಲಲ್ಲಿ ನಿಂತವಳು ಏನೋ ಹೇಳಲಿಕ್ಕೆ ಬಾಯಿ ತೆರೆದಂತೆ ಅವಳಿಗೆ ಕಂಡಿತ್ತು. ಕಟ್ಟೆ ಹತ್ತಿ ಎರಡು ಹೆಜ್ಜೆ ಹಾಕಿದ್ದರೆ ಕೇಳಿಸಬಹುದಿತ್ತು. ಅನುರಾಧಾ ಮೊದಲ ಪ್ರಶ್ನೆಗೆ ಸೊನ್ನೆ ಬರೆದಳು, ಎರಡನೆಯದಕ್ಕೂ ಸೊನ್ನೆ ಬರೆದಳು, ಬರ್ತೇನ್ರಿ ಅವ್ವಾರ ಎಂದು ಹೇಳಿ ಮೂವತ್ತೊಂಬತ್ತನೆಯ ಮನೆಗೆ ಹೋದಳು.

ಹತ್ತೊಂಬತ್ತು ದಿನಕ್ಕೆ ಜಯಮಾಲಾ ತನ್ನ ಜೀವ ತಾನೇ ತೆಗೆದುಕೊಂಡಳು.

ಮನೆಯವರು ಹೊಟ್ಟೆನೋವು ಇತ್ತು ಅಂದರು. ಊರವರು ಕೂಸಿನ ಗಾಳಿ ಹಿಡಿದಿತ್ತು ಅಂದರು. ಮಣ್ಣಿಗೆ ಹೋದವರ ಹಿಂದೆ ದೂರದಲ್ಲಿ ನಿಂತಿದ್ದ ಅನುರಾಧಾಗೆ ಮಾತ್ರ ಕಪ್ಪು ನೆನಪಿಗೆ ಬಂತು. ಮರುವಾರ ತಾಲೂಕಿನಿಂದ ಮೇಲಿನವರೊಬ್ಬರು ವಿಚಾರಣೆಗೆ ಬಂದರು. ಜಯಮಾಲಾಳ ಫಾರ್ಮು ತೆಗೆಸಿ, ಕೊನೆಯ ಹಾಳೆ ನೋಡಿ, ನಿರಾಳವಾಗಿ ಉಸಿರು ಬಿಟ್ಟರು.

"ಸೊನ್ನಿ ಅದ. ಬರೋಬ್ಬರಿ ಅದ," ಎಂದರು. "ನಿಂದೇನೂ ತಪ್ಪಿಲ್ಲ ಅನುರಾಧಾ. ಅಕಿನೇ ಹೇಳಿಲ್ಲ ಅಂದ್ರ ನೀ ಏನ್ ಮಾಡ್ತಿ? ಫಿಕರ್ ಮಾಡಬ್ಯಾಡ."

ಅನುರಾಧಾಳನ್ನು ಒಳಗೊಳಗೇ ಕೊಂದದ್ದು ಈ ಸಮಾಧಾನ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ, ನೀ ಯಾಕೆ ಕೇಳಲಿಲ್ಲ ಬೇ ಎಂದು ಬೈದಿದ್ದರೆ, ಅತ್ತು ಹಗುರಾಗುತ್ತಿದ್ದಳೋ ಏನೋ. ಅವಳ ಸೊನ್ನೆ ಎಲ್ಲರನ್ನೂ ಉಳಿಸಿತ್ತು. ಮೇಲಿನವರನ್ನು, ಸುಮಿತ್ರಾಬಾಯಿಯನ್ನು, ಕಲ್ಲಿನಾಥನನ್ನು, ಕೊನೆಗೆ ಅವಳನ್ನೂ. ಉಳಿಸದೆ ಬಿಟ್ಟದ್ದು ಒಬ್ಬಳನ್ನು ಮಾತ್ರ.

ಮೊದಲು ನಿದ್ದೆ ಹೋಯಿತು. ಆಮೇಲೆ ಹಸಿವು ಹೋಯಿತು. ರೊಟ್ಟಿ ಬಡಿಯುತ್ತ ಕೂತವಳು ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದರೂ ನೋಡುತ್ತಲೇ ಕೂತಿರುತ್ತಿದ್ದಳು. ಎಳ್ಳಮಾಸಿ ಹಬ್ಬಕ್ಕೆ ಊರೆಲ್ಲ ಸಜ್ಜೆ ಕಡುಬು, ಬಜ್ಜಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋದಾಗ ಇವಳು ಹಾಸಿಗೆಯಿಂದ ಏಳಲಿಲ್ಲ. ಮನೆಮನೆ ತಿರುಗುವ ಕೆಲಸಕ್ಕೆ ಜ್ವರದ ನೆಪ ಹೇಳಿದಳು. ಗಂಡ ಜೈಭೀಮ ಅಫಜಲಪುರ–ಕಲಬುರಗಿ ನಡುವೆ ಕ್ರೂಸರ್ ಓಡಿಸುವವ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವ. ಒಳ್ಳೆಯವನೇ, ಆದರೆ ಗಾಡಿ ಕೆಟ್ಟರೆ ಬಾನೆಟ್ ಎತ್ತಿ ನೋಡುವಷ್ಟು ತಾಳ್ಮೆ ಹೆಂಡತಿಯ ವಿಷಯದಲ್ಲಿ ಇರಲಿಲ್ಲ. "ಯಾರದೋ ಮನಿ ಸೊಸಿ ಸತ್ರ ನೀ ಯಾಕ ಊಟ ಬಿಡ್ತಿ? ನಮ್ಮನ್ನ ಮನಿಯಾಗ ಬಿಟ್ಟುಕೊಳ್ಳದವರ ಸಲುವಾಗಿ ಅಳ್ತಾಳ ನೋಡು," ಎಂದು ರೇಗಿದ.

ಅತ್ತೆ ಅಂಬುಬಾಯಿ ಅವಳನ್ನು ಪ್ಯಾರಿಬಿಯ ಹತ್ತಿರ ಕರೆದೊಯ್ದಳು. ದೃಷ್ಟಿ ತೆಗೆಯುವುದರಲ್ಲಿ, ತಾಯಿತ ಕಟ್ಟುವುದರಲ್ಲಿ ಪ್ಯಾರಿಬಿಯ ಕೈ ದೊಡ್ಡದು, ಜೇವರ್ಗಿಯಿಂದಲೂ ಮಂದಿ ಬರುತ್ತಾರೆ. ಆ ಮುದುಕಿ ಅನುರಾಧಾಳ ಗದ್ದ ಎತ್ತಿ ಕಣ್ಣು ನೋಡಿ, ದಾರ ಕಟ್ಟಿದಳು. ಕಟ್ಟಿ, "ದಾರ ಕಟ್ಟೀನಿ, ದುವಾ ಮಾಡ್ತೇನಿ," ಎಂದಳು. "ಆದ್ರ ಅಂಬುಬಾಯಿ, ಇದು ಹೊರಗಿಂದ ಬಂದದ್ದಲ್ಲ. ಇಕಿ ಒಳಗ ಏನೋ ಸಿಕ್ಕಂಡದ. ದವಾಖಾನಿಗಿ ಕರಕೊಂಡು ಹೋಗ." ಅಂಬುಬಾಯಿಗೆ ಸಿಟ್ಟು ಬಂತು. ದವಾಖಾನೆಯವಳನ್ನೇ ದವಾಖಾನೆಗೆ ಕರೆದೊಯ್ಯಬೇಕೇ ಎಂದು ಗೊಣಗುತ್ತ ಸೊಸೆಯನ್ನು ಮನೆಗೆ ಕರೆತಂದಳು.

ಅನುರಾಧಾಗೂ ಅದೇ ಅಡ್ಡ ನಿಂತಿತ್ತು. ಊರಿಗೆಲ್ಲ ಹೋಗ್ರಿ ದವಾಖಾನಿಗೆ ಎಂದು ಹೇಳುವವಳು ತಾನೇ ಹೋಗಿ ಏನು ಹೇಳುವುದು? ಆ ವರ್ಷ ತನ್ನ ಮನೆಯ ಫಾರ್ಮುಗಳನ್ನು ಅವಳು ಕೊನೆಗೆ, ಜಯಮಾಲಾ ಸತ್ತ ಮೇಲೆ, ಒಲೆಯ ಮುಂದೆ ಕುಳಿತು, ಯಾರನ್ನೂ ಕೇಳದೆ ತುಂಬಿದ್ದಳು. ತನ್ನದನ್ನೂ ತುಂಬಿದ್ದಳು. ಅದರಲ್ಲಿಯೂ ಸೊನ್ನೆ, ಸೊನ್ನೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ, ಮಗಳು ಮೈತ್ರಿ ಶಾಲೆಗೆ ಹೊರಟಳು. ಹದಿಮೂರು ವರ್ಷದ ಹುಡುಗಿ, ಎಂದೂ ತಾಯಿಯ ಸೆರಗು ಹಿಡಿದವಳಲ್ಲ. ಅಂದು ಚಪ್ಪಲಿ ಹಾಕಿಕೊಂಡವಳು ತಿರುಗಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ ತಾಯಿಯ ಹತ್ತಿರ ಕೂತಳು.

"ಅವ್ವಾ, ನಾ ಸಾಲಿಂದ ಬರೂತನಕ ನೀ ಇರ್ತಿ ಅಲ?"

ಅನುರಾಧಾ ಗೋಡೆಯಿಂದ ಮುಖ ತಿರುಗಿಸಿದಳು. ನಾಲ್ಕು ದಿನದಿಂದ ತನ್ನ ತಲೆಯಲ್ಲಿ ಏನು ತಿರುಗುತ್ತಿತ್ತೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಾನಿಲ್ಲದಿದ್ದರೆ ಇವರೆಲ್ಲ ಸುಖವಾಗಿರುತ್ತಾರೆ ಎಂಬ ಲೆಕ್ಕ ಅದು. ಎಷ್ಟೋ ಮಂದಿಯ ಬಾಯಲ್ಲಿ ಕೇಳಿ ಗೊತ್ತಿದ್ದ ಲೆಕ್ಕವೇ, ತನ್ನ ತಲೆಯೊಳಗೆ ಬಂದು ಕೂತಾಗ ಮಾತ್ರ ನಿಜವೆಂದು ಕಾಣುತ್ತಿತ್ತು. ಅದು ಮಗಳ ಕಣ್ಣಿಗೆ ಬಿದ್ದಿತ್ತು. ಕೇಳದೆ ಇದ್ದವರು ದೊಡ್ಡವರು, ಕೇಳಿದವಳು ಈ ಹುಡುಗಿ.

"ಇರ್ತೇನಿ," ಎಂದಳು. ಹೇಳಿಬಿಟ್ಟ ಮೇಲೆ ಇರಬೇಕಾಯಿತು. ಮನೆಯಲ್ಲಿ ಒಬ್ಬಳೇ ಇದ್ದರೆ ಆ ಮಾತು ಉಳಿಯುವುದಿಲ್ಲವೆಂದು ಅವಳಿಗೆ ಅನ್ನಿಸಿತು. ಚಪ್ಪಲಿ ಮೆಟ್ಟಿ, ತಲೆಯ ಮೇಲೆ ಸೆರಗು ಹೊದ್ದು ಸಬ್ ಸೆಂಟರಿಗೆ ನಡೆದಳು. ಎರಡು ಖೋಲಿಯ ಸರಕಾರಿ ಕಟ್ಟಡ ಅದು. ಹೊರಗಿನ ಖೋಲಿಯ ಗೋಡೆಯ ಮೇಲೆ ಮನಸ್ಸಿಗೆ ಕಷ್ಟವಾದಾಗ ಕರೆ ಮಾಡಿ ಎಂಬ ಕಾಗದ, ಕೆಳಗೆ ದೊಡ್ಡ ಅಂಕಿಯಲ್ಲಿ 14416. ಅದನ್ನು ಹಿಟ್ಟಿನ ಅಂಟು ಕಾಯಿಸಿ ಗೋಡೆಗೆ ಹಚ್ಚಿದವಳು ಅವಳೇ. ಒಂದು ಮೂಲೆ ಬಿಟ್ಟುಕೊಂಡಿತ್ತು. ಅದನ್ನು ಬೆರಳಿನಿಂದ ಒತ್ತಿ ಕೂರಿಸಿ, ಬೆಂಚಿನ ಮೇಲೆ ಕೂತು ನಂಬರು ಒತ್ತಿದಳು.

ಹೆಣ್ಣಿನ ದನಿ, ದಕ್ಷಿಣದ ಕಡೆಯ ಮಾತು. "ಹೇಳಿ, ನಾನು ಕೇಳಿಸ್ಕೊಳ್ತಾ ಇದೀನಿ."

"ನಮಸ್ಕಾರ್ರಿ. ನಾ ಅಫಜಲಪುರ ತಾಲೂಕಿನ ಆಶಾ ಮಾತಾಡಾಕತ್ತೇನಿ," ಎಂದಳು ಅನುರಾಧಾ, ಬಾಣಂತಿಯೊಬ್ಬಳ ವರದಿ ಕೊಡುವ ದನಿಯಲ್ಲಿ. "ನಮ್ಮೂರಾಗ ಒಬ್ಬಾಕಿ ಹೆಣ್ಮಗಳು ಅದಾಳ್ರಿ. ವಯಸ್ಸು ಮೂವತ್ತಾರು. ಎರಡ ತಿಂಗಳಿಂದ ನಿದ್ದಿ ಇಲ್ಲ, ಊಟ ಇಲ್ಲ. ತಾ ಇರಬಾರ್ದು ಅಂತ ಅನಸ್ತದಂತ್ರಿ ಅಕಿಗಿ."

"ಆಕೆ ಈಗ ಎಲ್ಲಿದಾರೆ?"

"ಸಬ್ ಸೆಂಟರಿನಾಗ ಕೂತಾಳ್ರಿ."

"ಆಕೆ ಹತ್ರ ಯಾರಾದ್ರೂ ಇದಾರಾ?"

"ಒಳಗಿನ ಖೋಲ್ಯಾಗ ಸಿಸ್ಟರ್ ಅದಾರ್ರಿ."

"ಒಳ್ಳೇದು. ಆಕೆ ಹೆಸರೇನು ಅಂತ ಹೇಳ್ತೀರಾ?"

ಅನುರಾಧಾ ಗೋಡೆಯ ಮೇಲಿನ ಕಾಗದದ ಮೂಲೆಯನ್ನು ನೋಡಿದಳು. ಆ ಕಡೆಯವಳು ಅವಸರ ಮಾಡಲಿಲ್ಲ.

"ಅನುರಾಧಾ," ಎಂದಳು ಕೊನೆಗೆ.

"ನಿಮ್ಮ ಹೆಸರು?"

"ನಂದೂ ಅದೇ ರೀ."

ಅಷ್ಟು ಹೇಳಿದ್ದೇ ತಡ, ಎರಡು ತಿಂಗಳಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಒಳಗಿದ್ದ ಸಿಸ್ಟರ್ ಮಹೆಕ ಓಡಿ ಬಂದಳು. ಆಳಂದದ ಹುಡುಗಿ ಮಹೆಕ, ಸಬ್ ಸೆಂಟರಿನ ಅಧಿಕಾರಿ, ವಯಸ್ಸು ಇಪ್ಪತ್ತಾರು. ಅನುರಾಧಾಳ ಕೈಯಿಂದ ಫೋನು ತೆಗೆದುಕೊಂಡು ಆ ಕಡೆಯವಳ ಜೊತೆ ಮಾತಾಡಿದಳು, ಹೂಂ ಹೂಂ ಎಂದು ಏನೇನೋ ಬರೆದುಕೊಂಡಳು. ಆಮೇಲೆ ಹೊರಬಾಗಿಲು ಹಾಕಿ ಬಂದು, ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು.

"ಅಕ್ಕಾ, ದಿನಾ ನಿಮ್ಮನ್ನ ನೋಡಾಕಿ ನಾ. ಜ್ವರ ಅಂದ್ರಿ, ಜ್ವರದ ಗುಳಿಗಿ ಕೊಟ್ಟು ಕಳಿಸೀನಿ," ಎಂದಳು. "ನಾನೂ ಕೇಳಲಿಲ್ಲ ನೋಡ್ರಿ."

ಅಂದಿನಿಂದ ಮಂಗಳವಾರದ ತನಕ ಅನುರಾಧಾಳನ್ನು ಒಬ್ಬಳೇ ಬಿಡಲಿಲ್ಲ. ಮಹೆಕ ಅಂಬುಬಾಯಿಯನ್ನು ಕೂಡಿಸಿಕೊಂಡು, ಇದು ಗಾಳಿಯಲ್ಲ, ಹುಚ್ಚಲ್ಲ, ಬೇನೆ, ಆದರೆ ಜೀವ ತೆಗೆಯುವ ಬೇನೆ ಎಂದು ಬಿಡಿಸಿ ಹೇಳಿದಳು. ಅಂಬುಬಾಯಿ ಅಷ್ಟೂ ದಿನ ಸೊಸೆಯ ಹಾಸಿಗೆಯ ಪಕ್ಕದಲ್ಲೇ ಕೂತಳು, ಬಾಯಿ ಮಾತ್ರ ಸುಮ್ಮನಿರಲಿಲ್ಲ. ಊರಿಗೆ ಗೊತ್ತಾದರೆ ಮೈತ್ರಿಯ ಮದುವೆ ಹೇಗೆ, ಆಶಾ ಕೆಲಸ ತೆಗೆದರೆ ಹೇಗೆ ಎಂದು ಅದೇ ಹಾಡು.

ಅಫಜಲಪುರದ ತಾಲೂಕು ದವಾಖಾನೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಆ ಖೋಲಿಯ ಮುಂದಿನ ಸಾಲಿನಲ್ಲಿ ನಿಂತವರೆಲ್ಲ ಬೇರೆ ಯಾವುದೋ ಸಾಲಿನಲ್ಲಿದ್ದೇವೆ ಎಂಬಂತೆ ಮುಖ ಆಚೆ ಮಾಡಿ ನಿಲ್ಲುತ್ತಾರೆ. ಜೈಭೀಮ ಅಂದು ಕ್ರೂಸರ್ ಬಿಟ್ಟು ಬಂದಿದ್ದ, ಅಂಬುಬಾಯಿಯೂ ಇದ್ದಳು, ಮಹೆಕ ರಜೆ ಹಾಕಿ ಬಂದಿದ್ದಳು. ಅನುರಾಧಾಗೆ ಭಯ ಒಂದೇ. ಈ ಮಂದಿಯ ಮುಂದೆ ತನ್ನ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ, ಚಲೋ ಅದೀನ್ರಿ ಎಂದು ಹೇಳಿ ಎದ್ದು ಬರುತ್ತೇನೆ, ಬಂದರೆ ಮತ್ತೆ ಇಲ್ಲಿಯತನಕ ಬರುವುದಿಲ್ಲ.

ಡಾಕ್ಟರಮ್ಮ ನಡುವಯಸ್ಸಿನವರು. ಕೂಡಲು ಹೇಳಿ, "ಏನು ತಕಲೀಫು?" ಎಂದು ಅನುರಾಧಾಳನ್ನು ಕೇಳಿದರು.

"ಏನಿಲ್ರಿ ಮೇಡಂ," ಎಂದ ಜೈಭೀಮ. "ನಿದ್ದಿ ಬರಂಗಿಲ್ಲ ಅಷ್ಟೇ. ಮೊದಲಿಂದಾನೂ ಅಕಿದು ಮೆತ್ತನ ಮನಸು."

"ಎಲ್ಲಾ ಚಲೋ ಅದ್ರಿ," ಎಂದಳು ಅಂಬುಬಾಯಿ. "ಮನಿಯಾಗ ಏನೂ ಕಡಿಮಿ ಇಲ್ಲ. ಗುಳಿಗಿ ಕೊಟ್ರ ಹೋಗ್ತೇವಿ."

ಅನುರಾಧಾ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಎಲ್ಲಾ ಚಲೋ ಅದ. ಅದೇ ಮಾತು, ಅದೇ ದನಿ. ಇಲ್ಲಿ ಕಟ್ಟೆಯ ಮೇಲೆ ಕೂತವಳು ತನ್ನ ಅತ್ತೆ, ಬಾಗಿಲಲ್ಲಿ ನಿಂತವಳು ತಾನು.

"ಇವ್ರಿಬ್ರೂ ಹೊರಗ ಇರ್ಲಿ," ಎಂದಳು. ದನಿ ತನಗೇ ಕೇಳಿಸದಷ್ಟು ಸಣ್ಣದಿತ್ತು, ಮತ್ತೊಮ್ಮೆ ಹೇಳಿದಳು. ಮಹೆಕ ಇಬ್ಬರನ್ನೂ ಎಬ್ಬಿಸಿಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿ ಕೂತರು. ಪ್ರಶ್ನೆ ಕೇಳುವ ಮೊದಲೇ ಅನುರಾಧಾ ಉತ್ತರ ಹೇಳಿದಳು.

"ಮೊದಲಿಂದಕ್ಕ ಮೂರು, ಎರಡನೇದಕ್ಕೂ ಮೂರು ಬರೀರಿ ಮೇಡಂ. ನನ್ನ ಫಾರ್ಮಿನಾಗ ನಾ ಸುಳ್ಳು ಬರದೀನಿ."

ಆಮೇಲೆ ಕಪ್ಪಿನ ಕಥೆ ಹೇಳಿದಳು. ಪೂರ್ತಿ, ನಕ್ಕದ್ದನ್ನೂ ಬಿಡದೆ ಹೇಳಿದಳು. ಹೇಳಿ, ನಾ ಕೇಳಿದ್ದರೆ ಅಕಿ ಉಳೀತಿದ್ಲೇನ್ರಿ ಎಂದು ಕೇಳಿದಳು. ತಪ್ಪಿಲ್ಲ ಅನ್ನುವವರನ್ನು ಅವಳು ಬಹಳ ಮಂದಿ ನೋಡಿದ್ದಳು. ಇವರು ಹಾಗೆ ಅನ್ನಲಿಲ್ಲ.

"ಗೊತ್ತಿಲ್ಲ," ಎಂದರು. "ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು. ಕೇಳಬೇಕಾಗಿತ್ತು, ಅದು ಖರೆ. ಅದನ್ನ ಹೊತ್ಕೊಂಡು ಬದುಕೂದು ಹೆಂಗ ಅನ್ನೂದನ್ನ ನಾವು ಕೂಡಿ ನೋಡೋಣು. ಮುಂದಿನ ಮಂಗಳವಾರ ಬರ್ತೀರಿ?"

ಬರ್ತೇನ್ರಿ ಎಂದಳು.

ಗುಳಿಗೆ ನುಂಗಿದ ಕೂಡಲೇ ಬೆಳಕಾಯಿತು ಎಂದು ಹೇಳಿದರೆ ಅದು ಸುಳ್ಳು. ಮೊದಲ ವಾರ ಬಾಯಿ ಒಣಗಿತು, ಹಗಲೆಲ್ಲ ತೂಕಡಿಕೆ, ಕೈ ನಡುಕ. ಮೂರನೆಯ ವಾರಕ್ಕೆ ನಿದ್ದೆ ಬಂತು, ನಿದ್ದೆಯಲ್ಲಿ ಜಯಮಾಲಾಳೂ ಬಂದಳು. ಎರಡು ಸಲ ಗುಳಿಗೆ ಬಿಟ್ಟಳು, ಎರಡು ಸಲವೂ ಮತ್ತೆ ಹಾಸಿಗೆ ಹಿಡಿದಳು, ಮಹೆಕ ಬೈದು ಮತ್ತೆ ಶುರುಮಾಡಿಸಿದಳು. ಮಂಗಳವಾರದ ಬಸ್ಸು ಹತ್ತುವುದನ್ನು ಊರು ನೋಡಿತು. ಊರಿಗೆ ಕಣ್ಣು ಚುರುಕು. ಹುಚ್ಚಿನ ಗುಳಿಗೆ ತಿನ್ನುವವಳ ಕೈಗೆ ಕೂಸು ಕೊಡುವುದು ಹೇಗೆ ಎಂದು ಇಬ್ಬರು ತಾಯಂದಿರು ಸೂಜಿ ಹಾಕಿಸಲು ಬೇರೆ ಊರಿಗೆ ಹೋದರು. ಜೈಭೀಮ ಮಾತ್ರ ಒಂದು ಸಂಗತಿ ಕಲಿತ. ಮನೆಗೆ ಬಂದ ಕೂಡಲೇ, ಚಪ್ಪಲಿ ಬಿಡುತ್ತಲೇ, "ಇವತ್ತ ಹೆಂಗಿತ್ತು?" ಎಂದು ಕೇಳುತ್ತಿದ್ದ. ಕೆಟ್ಟದಿತ್ತು ಅಂದರೆ ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ಕೂತುಬಿಡುತ್ತಿದ್ದ. ಅದು ಸಾಕಾಗುತ್ತಿತ್ತು, ಕೆಲವು ದಿನ.

ವರ್ಷ ತಿರುಗಿತು. ಮತ್ತೆ ದೀಪಾವಳಿ ಕಳೆಯಿತು, ಮತ್ತೆ ಫಾರ್ಮುಗಳು ಬಂದವು. ಈ ಸಲ ಅನುರಾಧಾ ದಿನಕ್ಕೆ ಎಂಟು ಮನೆಗಿಂತ ಹೆಚ್ಚು ಮಾಡಲಿಲ್ಲ. ಸುಮಿತ್ರಾಬಾಯಿಯ ಮನೆಗೆ ಹೋಗುವುದನ್ನು ಕೊನೆಯತನಕ ತಳ್ಳಿದಳು. ಆ ಮನೆಯಲ್ಲೀಗ ಹೊಸ ಸೊಸೆ ಇದ್ದಳು. ಹೆಂಡತಿ ಸತ್ತ ಆರನೆಯ ತಿಂಗಳಿಗೆ ಕಲ್ಲಿನಾಥ ಮದುವೆಯಾಗಿದ್ದ. ಹೆಸರು ಮಹಾನಂದಾ, ನರೋಣಾ ಕಡೆಯವಳು, ಇಪ್ಪತ್ನಾಲ್ಕು ವರ್ಷದವಳು.

ಕಟ್ಟೆ ಅದೇ, ಸುಮಿತ್ರಾಬಾಯಿ ಕಾಲು ಚಾಚಿ ಕೂತ ಜಾಗವೂ ಅದೇ. "ಬರಕೋ ಬೇ ಆಶಾ," ಎಂದರು. "ನನ್ನ ಗುಳಿಗಿ ಚಾಲೂ ಅದ. ಕಲ್ಲಿನಾಥಗ ಏನಿಲ್ಲ. ಎಲ್ಲಾ ಚಲೋ ಅದ."

ಮಹಾನಂದಾ ಚಹ ತಂದಿಟ್ಟಳು. ಕಾಗದದ ಕಪ್ಪಿನಲ್ಲಿ ಚಹ ಅಂಚಿನತನಕ ತುಂಬಿತ್ತು. ಇಟ್ಟು ಹೋಗಿ ಬಾಗಿಲಲ್ಲಿ, ಜಯಮಾಲಾ ನಿಂತಿದ್ದ ಜಾಗದಲ್ಲೇ ನಿಂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಅನುರಾಧಾ ಪೆನ್ನಿನ ಟೋಪಿ ಹಾಕಿದಳು. "ಅವ್ವಾರ, ನಿಮ್ಮದು ನೀವು ಹೇಳ್ರಿ. ಕಲ್ಲಿನಾಥಣ್ಣೋರದು ಅವರು ಸಿಕ್ಕಾಗ ಅವರಿಗೇ ಕೇಳ್ತೇನಿ. ಸೊಸಿಯೋರದು ಸೊಸಿಯೋರೇ ಹೇಳಬೇಕ್ರಿ. ಒಳಗ ಒಂದು ಹತ್ತು ಮಿನಿಟು ಕೂಡತೇನಿ, ಇಲ್ಲಂದ್ರ ಅವರನ್ನ ಸಬ್ ಸೆಂಟರಿಗಿ ಕಳಸ್ರಿ."

ಒಳಗೆ ಎಂಬ ಮಾತು ಕೇಳಿ ಸುಮಿತ್ರಾಬಾಯಿಯ ಮುಖ ಗಂಟಾಯಿತು. "ಒಳಗ ಯಾಕ? ಇಷ್ಟು ವರ್ಷ ಇಲ್ಲೇ ನಿಂತು ಬರಕೊಂಡಾಕಿ ಅಲ್ಲೇನು?"

"ಹೌದ್ರಿ. ಅದೇ ತಪ್ಪಾತು."

ಸುಮಿತ್ರಾಬಾಯಿ ಚಾಚಿದ ಕಾಲು ಮಡಚಿ, ಓಣಿಗೆಲ್ಲ ಕೇಳುವಂತೆ ಹೇಳಿದರು. "ಹುಚ್ಚಿನ ಗುಳಿಗಿ ನುಂಗಾಕಿ ನಮ್ಮ ಮನಿ ಸೊಸೀಗಿ ಮನಸು ಹೆಂಗದ ಅಂತ ಕೇಳಾಕ ಬಂದಾಳ. ಹೋಗ ಬೇ, ಹೋಗ. ಬೇರೆ ಆಶಾನ ಕಳಸು ಅಂತ ಹೇಳ್ತೇನಿ."

ಒಂದು ವರ್ಷದ ಹಿಂದಾಗಿದ್ದರೆ ಅನುರಾಧಾ ತಪ್ಪಾಯ್ತು ಅವ್ವಾರ ಎಂದು ಸೊನ್ನೆ ಬರೆದು ಹೋಗುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಈಗಲೂ ಬರೆದುಬಿಡೋಣ ಎಂದು ಅವಳಿಗೆ ಅನ್ನಿಸಿತು. ಆದರೆ ಬರೆಯಲಿಲ್ಲ. "ಗುಳಿಗಿ ನುಂಗತೇನ್ರಿ, ಖರೆ," ಎಂದಳು. ಕಣ್ಣು ಸುಮಿತ್ರಾಬಾಯಿಯ ಮೇಲಿಂದ ತೆಗೆದು ಬಾಗಿಲ ಕಡೆ ನೋಡಿದಳು. "ಅದಕ್ಕೇ ನಿಂತೇನಿ." ಚಹ ಮುಟ್ಟದೆ, ಖಾಲಿ ಬಿಟ್ಟ ಹಾಳೆಯ ಮೇಲೆ ಇನ್ನೊಂದು ಹಾಳೆ ಮುಚ್ಚಿ, ಓಣಿಗೆ ಇಳಿದಳು. ಮನೆಗೆ ಹೋಗಿ ಬಹಳ ಅತ್ತಳು.

ಮೂರು ದಿನದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ, ಮಹಾನಂದಾ ಒಬ್ಬಳೇ ಸಬ್ ಸೆಂಟರಿಗೆ ಬಂದಳು. ತಲೆ ನೋಯುತ್ತದೆ, ಗುಳಿಗೆ ಕೊಡಿ ಎಂದಳು. ಮಹೆಕ ಗುಳಿಗೆ ಕೊಟ್ಟು ಅನುರಾಧಾಳ ಕಡೆ ನೋಡಿದಳು. ಅನುರಾಧಾ ಅವಳನ್ನು ಒಳಗಿನ ಖೋಲಿಗೆ ಕರೆದೊಯ್ದು ಕುರ್ಚಿ ಕೊಟ್ಟು, ಬಾಗಿಲು ಮುಂದೆ ಮಾಡಿ, ಎದುರಿಗೆ ಕೂತಳು.

"ಫಾರ್ಮಿನಾಗ ಬರೀತೀರೇನ್ರಿ?" ಎಂದು ಮಹಾನಂದಾ ಅಂಜುತ್ತ ಕೇಳಿದಳು.

"ಇಲ್ಲವ್ವ. ಫಾರ್ಮು ಮೂವತ್ತು ತುಂಬಿದವರಿಗಷ್ಟೇ. ಅವತ್ತ ನಿಮ್ಮ ಅತ್ತಿಗಿ ನಾ ಅದನ್ನ ಹೇಳಲಿಲ್ಲ. ಫಾರ್ಮಿಲ್ಲದೇ ಕೇಳಾಕತ್ತೇನಿ." ಅನುರಾಧಾ ಆ ಎರಡೂ ಪ್ರಶ್ನೆಗಳನ್ನು ತನ್ನ ಮಾತಿನಲ್ಲಿ ಕೇಳಿದಳು. "ಈ ಎರಡು ವಾರದಾಗ ಯಾವುದರ ಮ್ಯಾಲೂ ಮನಸಿಲ್ಲ ಅಂತ ಅನಿಸ್ಯಾದೇನು? ಎಲ್ಲಾ ಮುಗೀತು, ಇನ್ನೇನೂ ಇಲ್ಲ ಅಂತ ಅನಿಸ್ಯಾದೇನು?"

"ಇಲ್ರಿ. ಎಲ್ಲಾ ಚಲೋ ಅದ," ಎಂದು ಮಹಾನಂದಾ ಎದ್ದಳು. ಗುಳಿಗೆಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ತಿರುಗದೆ ಕೇಳಿದಳು.

"ಮೊದಲಿನಾಕಿಗಿನೂ ಹಿಂಗ ಕೇಳಿದ್ರೇನ್ರಿ?"

ಅನುರಾಧಾಳ ಬಾಯಿಗೆ ಹತ್ತು ಉತ್ತರ ಬಂದವು. ಒಳಗೆ ಬಿಡಲಿಲ್ಲ, ಅತ್ತೆ ಅಡ್ಡ ಬಂದರು, ಅಂದು ಇನ್ನೂ ಹದಿನೈದು ಮನೆ ಬಾಕಿ ಇದ್ದವು. ಒಂದೂ ಸುಳ್ಳಲ್ಲ.

"ಇಲ್ಲ," ಎಂದಳು. "ನಿಮ್ಮ ಅತ್ತಿ ಹೇಳಿದ್ದನ್ನ ಬರಕೊಂಡು ಬಂದೆ. ಅಕಿ ಬಾಗಿಲದಾಗ ನಿಂತಿದ್ಲು. ನಾ ಕೇಳಲಿಲ್ಲ."

ಮಹಾನಂದಾ ಚಿಲಕದ ಮೇಲಿನ ಕೈ ತೆಗೆದು, ವಾಪಸು ಬಂದು ಅದೇ ಕುರ್ಚಿಯ ಮೇಲೆ ಕೂತಳು.

"ಇನ್ನೊಮ್ಮಿ ಕೇಳ್ರಿ," ಎಂದಳು.